ಸೊನ್ನೆ ತಪ್ಪಿನ ಬೋರ್ಡು

ಮಾರ್ಚ್ 4, ಬೆಳಿಗ್ಗೆ 9
ಮಹನೀಯರೇ, ಮಹಿಳೆಯರೇ, ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವವರೇ! ಇಂದಿನ ಅತಿಥಿ ಅಂಗೈಯಗಲದ ಒಂದು ಬೋರ್ಡು. ಏರ್ ಆಂಬುಲೆನ್ಸ್‌ನಲ್ಲಿ ರೋಗಿಗೆ ಉಸಿರು ಕೊಡುವ ಯಂತ್ರದ ಮಿದುಳು. ಅಷ್ಟೆತ್ತರದಲ್ಲಿ ನ್ಯೂಟ್ರಾನ್ ಕಾಟ ಜಾಸ್ತಿ. ಒಂದು ಬಡಿದರೆ ಸಾಕು, ಮೆಮೊರಿಯಲ್ಲಿ 0 ಇದ್ದದ್ದು 1 ಆಗಬಹುದು. ಹಾರುವ ಮೊದಲೇ ಇಲ್ಲಿ ನ್ಯೂಟ್ರಾನ್ ಬೀಮ್ ಬಿಟ್ಟು ಬಡಿಸಿ ನೋಡುವುದು ನಮ್ಮ ಕೆಲಸ. ಮೇಜಿನ ಮೇಲಿದ್ದ ಟೇಪಿನ ಗುರುತಿಗೆ ಬೋರ್ಡು ಕೂರಿಸಿದೆ. ನ್ಯೂಟ್ರಾನ್ ಬಿತ್ತೋ ಇಲ್ಲವೋ ಅಂತ ಆಮೇಲೆ ಸಾಕ್ಷಿ ಹೇಳಲು ಬೆನ್ನಿಗೆ ಲೋಹದ ತೆಳು ಹಾಳೆ ಅಂಟಿಸಿದೆ. ಹೊರಗೆ ಬಂದೆ.
ಬೀಮ್ ಬಂತು, ಬಾಗಿಲು ಭದ್ರ;
ಒಳಗುಳಿದವನ ಭವಿಷ್ಯ ಛಿದ್ರ.

ಮಾರ್ಚ್ 4, ಸಂಜೆ 5
ಏಳು ಗಂಟೆ ಬೀಮ್. ತಪ್ಪು — ಸೊನ್ನೆ. ಡಿಸೈನರಮ್ಮ, ಮೂರು ವರ್ಷ ಇದೇ ಬೋರ್ಡಿಗೆ ಕಣ್ಣು ಸವೆಸಿದವಳು, ಕುರ್ಚಿಯಲ್ಲೇ ಗಿರಗಿರ ಸುತ್ತಿದಳು. ಬಾಸ್ ಕೈ ಕುಲುಕಿದರು. ಸೋಮವಾರ ವರದಿ ಹೋಗಬೇಕಂತೆ.

ಮಾರ್ಚ್ 7
ಇವತ್ತು ಬೋರ್ಡಿನ ಬೆನ್ನಿನ ಹಾಳೆಯನ್ನು ವಿಕಿರಣದ ಕೌಂಟರಿಗಿಟ್ಟು ಎಣಿಸಿದೆ. ನ್ಯೂಟ್ರಾನ್ ತಾಗಿದ್ದರೆ ಟಿಕ್‌ಟಿಕ್ ಅನ್ನಬೇಕಿತ್ತು. ತಣ್ಣಗೆ ಮಲಗಿದೆ. ಟೇಪಿನ ಗುರುತು ಹೋದ ತಿಂಗಳದ್ದು. ಆಮೇಲೆ ಮೇಜು ಸರಿಸಿದ್ದರು. ನಾನು ನೋಡಿಕೊಳ್ಳಲಿಲ್ಲ. ಬೀಮ್ ಪಕ್ಕದಲ್ಲಿ ಹಾದುಹೋಗಿದೆ. ಬೋರ್ಡು ಪರೀಕ್ಷೆಗೇ ಕೂತಿಲ್ಲ, ಫಸ್ಟ್ ಕ್ಲಾಸ್ ಬಂದಿದೆ...
ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಮಂಗಳವಾರದಿಂದ ಒಂದು ಪ್ರಾಸಾನೂ ಇಲ್ಲ. ಏನ್ ಮಾಡ್ಕೊಂಡ್ ಬಂದಿದೀರಿ?"

ಮಾರ್ಚ್ 8
ಡಿಸೈನರಮ್ಮನಿಗೆ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಬರಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.
"ಆ ಸೊನ್ನೆ ನೋಡಿ ನಂಗೂ ಒಳಗೊಳಗೇ ಅಳುಕಿತ್ತು ಸರ್. ಅಷ್ಟು ಚೆನ್ನಾಗಿ ನಾನು ಮಾಡಿಲ್ಲ."
ಅವಳ ಪಾಲಿನದನ್ನೂ ಸೇರಿಸಿ ಬಾಸ್ ಬೈದರು. ವರದಿ ನಿಂತಿತು. ಮಂಗಳವಾರ ಮತ್ತೆ ಬೀಮ್.

ಮಾರ್ಚ್ 11, ಸಂಜೆ
ಹಳೇ ಟೇಪು ಕಿತ್ತೆಸೆದೆ. ಲೇಸರ್ ಗೆರೆ ಹಿಡಿದು ಎರಡೆರಡು ಸಲ ಅಳೆದೆ. ತಪ್ಪು — ಹದಿನೇಳು. ಹದಿನೇಳನ್ನೂ ಬೋರ್ಡು ತಾನೇ ಹಿಡಿದು ತಿದ್ದಿಕೊಂಡಿತು. ಉಸಿರಿನ ಲಯ ಒಮ್ಮೆಯೂ ತಪ್ಪಲಿಲ್ಲ. ಕೌಂಟರಿನಲ್ಲಿ ಹಾಳೆಯದು ಒಂದೇ ಸಮನೆ ವಟವಟ. ಡಿಸೈನರಮ್ಮ ಈ ಸಲ ಸುತ್ತಲಿಲ್ಲ. ಹದಿನೇಳನ್ನೂ ಒಂದೊಂದಾಗಿ ಓದಿ, "ಈಗ ಕಳಿಸಬಹುದು ಸರ್" ಅಂದಳು.
ಬಡಿದದ್ದು ಹದಿನೇಳು, ಕೆಟ್ಟದ್ದು ಸೊನ್ನೆ;
ತಿದ್ದಿಕೊಂಡವನಿಗೆ ಉಂಟೇ ನಿನ್ನೆ?
ಚಪ್ಪಾಳೆ, ಮಹನೀಯರೇ...

ಯಾವ ಮಹನೀಯರು. ಹಾಳೆ ಎಣಿಸಿದ್ದು ಏಳನೇ ತಾರೀಕು ಅಲ್ಲ. ನಾಲ್ಕನೇ ತಾರೀಕಿನ ಸಂಜೆಯೇ. ಎಣಿಸಿಕೊಂಡೇ ಹೊರಗೆ ಬಂದೆ. ಅವಳು ಕುರ್ಚಿಯಲ್ಲಿ ಸುತ್ತುತ್ತಿದ್ದಳು. ಹೇಳದೆ ಮುಚ್ಚಿಟ್ಟೆ. ಓದುವವರೇ ಇಲ್ಲದ ಈ ಪುಸ್ತಕದಲ್ಲೂ ಸುಳ್ಳು ತಾರೀಕು ಹಾಕಿದೆ. ನಾಳೆ ಬೆಳಿಗ್ಗೆ ಅವಳಿಗೆ ಅದನ್ನೂ ಹೇಳಿಬಿಡುತ್ತೇನೆ.