ಗಿರಣಿಯ ಕಿಚಡಿ

ಮಂಗಳವಾರ, ೧೧ ಜೂನ್. ಪುಣೆ.

ಸೊಳ್ಳೆ-ಪಾರಿವಾಳಗಳ ಸಾಮ್ರಾಜ್ಯಕ್ಕೆ ಅಧಿಪತಿಗಳೂ, ಅರ್ಧ ಹೆಂಚು ಹಾರಿಹೋದರೂ ಗಾಂಭೀರ್ಯ ಬಿಡದವರೂ ಆದ ನಮ್ಮ ಗಲ್ಲಿಯ ಹಳೇ ನೂಲಿನ ಗಿರಣಿ ಮಹಾರಾಜರ ಪಾದಗಳಿಗೆ ಮಾಂತುವಿನ ಸಾಷ್ಟಾಂಗ ನಮಸ್ಕಾರ.

ಮಹಾರಾಜರೇ, ತಲೆ ಕೆಟ್ಟುಹೋಗಿದೆ. ತಮ್ಮನ್ನು ಕೆಡವಿ ಇಪ್ಪತ್ತೆರಡು ಮಾಳಿಗೆಯ ಟವರ್ ಕಟ್ಟುತ್ತಾರೆಂದು ತಿಳಿದಾಗ ಮಹಾಪಾಲಿಕೆಗೆ ಆಕ್ಷೇಪಣೆ ಬರೆದವನು ನಾನೇ. ಅದರಲ್ಲೊಂದು ಸುಳ್ಳು ಸೇರಿಸಿದ್ದೆ: ಅರವತ್ತೊಂದರಲ್ಲಿ ಅಣೆಕಟ್ಟು ಒಡೆದು ಮಹಾಪೂರ ಬಂದಾಗ ತಮ್ಮ ಬಾಯ್ಲರಿನ ಉಗಿಯಲ್ಲಿ ಮೂರು ದಿನ ಇಡೀ ಪೇಠೆಗೆ ಅನ್ನ ಬೇಯಿಸಿದರು ಅಂತ. ನಗುತ್ತಲೇ ಬರೆದದ್ದು. ಈಗ ಶುಕ್ರವಾರ ವಿಚಾರಣೆಯಂತೆ, ಸಾಕ್ಷಿ ತರಬೇಕಂತೆ.

ಇವತ್ತು ತಮ್ಮ ಬಾಯ್ಲರಿನ ಕೆಲಸಕ್ಕಿದ್ದ ರಾಮಲಿಂಗಪ್ಪಜ್ಜನಿಗೆ ಆ ಆಕ್ಷೇಪಣೆಯನ್ನು ಓದಿ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಅಜ್ಜ ಕಣ್ಣು ಮುಚ್ಚಿಕೊಂಡು ಕೇಳಿದ.

"ಅನ್ನ ಅಲ್ಲೋ ಹುಚ್ಚಪ್ಯಾಲಿ, ಕಿಚಡಿ. ಉಪ್ಪು ಭಾಳ ಆಗಿತ್ತು."

"ಅಜ್ಜಾ, ಅದು ನಾ ಕಟ್ಟಿದ ಕತಿ!"

"ಆಗ ನೀ ಹುಟ್ಟಿದ್ದೇನು? ಕಲ್ಲಿದ್ದಲು ಹಾಕಿದಾಂವ ನಾ. ಶುಕ್ರವಾರ ಎಷ್ಟಕ್ಕ ಬರ್ಲಿ, ಅದನ್ನ ಹೇಳು."

ಕೋಟನ್ನು ಇಸ್ತ್ರಿಗೂ ಕೊಟ್ಟುಬಿಟ್ಟಿದ್ದಾನೆ. ನನ್ನ ಸುಳ್ಳು ನಿಜವಾಗಿಯೂ ನಡೆದಿತ್ತೋ, ಅಜ್ಜನ ನೆನಪು ಕಲಸಿಹೋಗಿದೆಯೋ, ಇಲ್ಲ ನನ್ನನ್ನೇ ಆಟ ಆಡಿಸುತ್ತಿದ್ದಾನೋ? ಸುಳ್ಳೇ ಆಗಿದ್ದರೆ, ಎಂಬತ್ತೈದರ ಮುದುಕ ನನ್ನ ದೆಸೆಯಿಂದ ಸಾಹೇಬರ ಮುಂದೆ ನಗೆಪಾಟಲಾಗುತ್ತಾನೆ. ಆದರೂ ಬೇಡ ಅನ್ನದೆ ವೇಳೆ ಹೇಳಿ ಬಂದೆ.

ನಿದ್ದೆ ಎಳೆಯುತ್ತಿದೆ. ಒಂದು ಮಾತು, ಮಹಾರಾಜರೇ. ತಮ್ಮ ಇತಿಹಾಸ ನನಗೆ ಬೇಕಿರಲೇ ಇಲ್ಲ. ತಮ್ಮ ಹಿಂದಿನ ಗೋಡೆಯ ಮೇಲೆ ಸುಣ್ಣದಲ್ಲಿ ನಮ್ಮ ಕ್ರಿಕೆಟ್ಟಿನ ಮೂರು ಸ್ಟಂಪು ಬರೆದಿದೆ, ಅದು ಉಳಿದರೆ ಸಾಕಿತ್ತು, ಅಷ್ಟೇ.