ಕಂಬಿ ಮುಗಿಯುವ ಮೆಟ್ಟಿಲು

ಅಮ್ಮಾ,

ಮಹಡಿಯ ಮನೆ ಕೊನೆಗೂ ಬಾಡಿಗೆಗೆ ಹೋಯಿತು. ಕೇಳಿಕೊಂಡು ಬಂದ ಹುಡುಗಿಗೆ ಕಣ್ಣು ಕಾಣುವುದಿಲ್ಲ; ರೇಡಿಯೋದಲ್ಲಿ ಕೆಲಸ. ಜೊತೆಗೆ ದಾರಿ ತೋರಿಸುವ ನಾಯಿ. ಗೇಟಿನಲ್ಲೇ ತಡೆದು, ನೀನು ಬರೆಸಿದ ಬೋರ್ಡನ್ನು ಅವಳಿಗೆ ಓದಿ ಹೇಳಿದೆ: "ನಾಯಿ, ಬೆಕ್ಕು ಸಾಕಿದವರಿಗೆ ಮನೆ ಕೊಡುವುದಿಲ್ಲ."

"ಇದು ಡ್ಯೂಟಿ ಮೇಲಿದೆ ಅಕ್ಕಾ. ಮನೆ ನೋಡೋಕಾದ್ರೂ ಬಿಡಿ," ಎಂದು ನಕ್ಕಳು.

ನೋಡಿಕೊಂಡು ಇಳಿಯುವಾಗ, ಮೆಟ್ಟಿಲ ತಿರುವಿನಲ್ಲಿ ನಾಯಿ ಗಕ್ಕನೆ ನಿಂತು ಅವಳ ಕಾಲಿಗೆ ಅಡ್ಡವಾಯಿತು. ಏನು ಹೇಳಿದರೂ ಜಗ್ಗಲಿಲ್ಲ.

"ಇಲ್ಲೇನಿದೆ ಅಕ್ಕಾ?"

"ಕಂಬಿ ಇಲ್ಲಿಗೇ ಮುಗಿಯುತ್ತೆ," ಎಂದೆ. ನೀನು ಬಿದ್ದು, ಮತ್ತೆ ಏಳದೇ ಹೋದದ್ದು ಅಲ್ಲೇ ಎಂದು ಹೇಳಲಿಲ್ಲ.

ಕಣ್ಣು ಮಂಜಾದ ಮೇಲೆ ನೀನೂ ಒಮ್ಮೆ ಕೇಳಿದ್ದೆ, "ಅಂಥ ನಾಯಿ ನಮಗೂ ಸಿಗುತ್ತೇನೇ?" ಎಂದು.

"ಓನರಮ್ಮ ಒಪ್ಪಲ್ಲ ಕಣಮ್ಮ, ಬಲು ಕಟ್ಟುನಿಟ್ಟು," ಎಂದು ನಾನು ನಿನ್ನನ್ನೇ ತಮಾಷೆ ಮಾಡಿದೆ. ನೀನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಮತ್ತೆ ಕೇಳಲಿಲ್ಲ.

ಹುಡುಗಿಯ ಕೈಗೆ ಕೀಲಿ ಕೊಟ್ಟು, ಬೋರ್ಡು ಬಿಚ್ಚಿಟ್ಟೆ. ಕಂಬಿಯನ್ನು ಕೆಳಗಿನ ಮೆಟ್ಟಿಲವರೆಗೂ ಹಾಕಿಕೊಡಲು ವೆಲ್ಡಿಂಗಿನವನಿಗೆ ಹೇಳಿದ್ದೇನೆ, ನಾಳೆ ಬರುತ್ತಾನೆ.

ಅರ್ಧ ದಿನದ ಕೆಲಸವಂತೆ, ಅಮ್ಮಾ.