ಗೇಟಿನಲ್ಲಿ ಸಿಕ್ಕಿಕೊಂಡ ಗಾಲಿಮನೆ

ಭಾನುವಾರ, ಸಂಜೆ

...ಕೊನೆಗೂ ಹಾಗೇ ಆಯಿತು. ರಿವರ್ಸ್ ಹೋಗುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಹಿಂದಿನ ಟ್ರೈಲರ್ ಬಲಕ್ಕೆ ಹೋಗುತ್ತದೆ ಎಂದು ನಿನ್ನೆ ಇಲ್ಲೇ ಬರೆದಿದ್ದೆ, ಇಂದು ಗೇಟಿನಲ್ಲಿ ಅದನ್ನೇ ಮರೆತೆ. ಕಾಲೇಜಿನಲ್ಲಿ ಭೌತಶಾಸ್ತ್ರದ ನಿಯಮ ಬಾಯಿಪಾಠ ಮಾಡಿದ್ದೆ, ಟು ಎವೆರಿ ಆ್ಯಕ್ಷನ್ ದೇರ್ ಈಸ್ ಆ್ಯನ್ ಈಕ್ವಲ್ ಆ್ಯಂಡ್... ಏನೋ ಒಂದು.

ನಾನೂ ನನ್ನ ಹೆಂಡತಿಯೂ ಊರೂರು ಸುತ್ತಿ ಮಲಗಿ ಎದ್ದ ಈ ಟ್ರೈಲರ್, ನಮ್ಮ ಗಾಲಿಮನೆ, ಅಂಗಳದೊಳಗೆ ಅರ್ಧ ಹೋಗಿ ಅಡ್ಡಡ್ಡ ನಿಂತಿದೆ. ಕಾರಿನ ಒಂದು ಬಾಗಿಲಿಗೆ ಗೇಟಿನ ಕಂಬ, ಇನ್ನೊಂದಕ್ಕೆ ಓಣಿಯ ಗೋಡೆ. ನಾನು ಬೋನಿಗೆ ಬಿದ್ದ ಇಲಿ. ದಿನಚರಿ ಸೀಟಿನ ಮೇಲಿದ್ದದ್ದು ಪುಣ್ಯ.

ಮಗಳು ಕಂಬದ ಸಂದಿಯಿಂದ ಬಗ್ಗಿ ನೋಡಿದಳು.

"ಅಪ್ಪಾ, ಇವತ್ತು ಇದು ಒಳಗೆ ಹೋದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ನಾಳೆ ಮಾರೋದೇ ಅಂದಿದ್ದೆ. ನೀವು ನೋಡಿದ್ರೆ ನಿಮ್ಮನ್ನೇ ಪಾರ್ಕ್ ಮಾಡ್ಕೊಂಡಿದ್ದೀರಲ್ಲ."

"ಯೋಚ್ನೆ ಮಾಡ್ತಾ ಇದ್ದೀನಿ."

"ಹಿಂದೆ ನಿಂತು ನಾನು ಹೇಳ್ಲಾ?"

"ಬೇಡ."

ಅದು ಅವಳಮ್ಮ ನಿಲ್ಲುತ್ತಿದ್ದ ಜಾಗ. ಅವಳು "ಬನ್ನಿ, ಬನ್ನಿ, ಸಾಕು ರೀ" ಎನ್ನುತ್ತಿದ್ದರೆ ನಾನು ಕನ್ನಡಿಯನ್ನೂ ನೋಡುತ್ತಿರಲಿಲ್ಲ. ಅಲ್ಲಿಂದ ಬೇರೆ ದನಿ ಕೇಳುವುದಕ್ಕಿಂತ ಹೀಗೇ ಸಿಕ್ಕಿಹಾಕಿಕೊಂಡಿರುವುದು ವಾಸಿ ಅನ್ನಿಸಿತು. ಆದರೆ ಗಾಲಿಮನೆ ಮಾರಿಹೋದರೆ ಆ ಜಾಗವಾದರೂ ಎಲ್ಲಿರುತ್ತದೆ?

ಮಗಳು ಒಳಗೆ ಹೋಗಿಲ್ಲ. ಮೆಟ್ಟಿಲ ಮೇಲೆ ಕುಳಿತು ಉಗುರು ಕಚ್ಚುತ್ತಿದ್ದಾಳೆ.

ಬರೆದ ಅಕ್ಷರ ಮಸುಕಾಗುತ್ತಿದೆ, ಕನ್ನಡಿಯಲ್ಲಿ ಗೋಡೆಯೂ ಸರಿಯಾಗಿ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಕರೆಯಬೇಕು ಅವಳನ್ನು. ಹಿಂದೆ ಬಂದು ನಿಲ್ಲಮ್ಮ, ಸ್ವಲ್ಪ ಜೋರಾಗಿ ಹೇಳು ಅಂತ